ಮೂವತ್ತು ನಲವತ್ತು

ಮತ್ತಿಕೆರೆಯ ನನ್ನ ಬ್ಲೌಸ್ ಅಂಗಡಿಗೆ
ಸೀಳಿದ ರೆಕ್ಕೆಯೊಂದನ್ನು ಚಾಪೆಯ ಹಾಗೆ ಸುತ್ತಿ
ಹೊತ್ತು ತಂದವರು ಪೂವಯ್ಯ.
ನಾಲ್ಕು ಟೈಲರುಗಳು ಆಗಲ್ಲ ಅಂದಿದ್ದರಂತೆ.
ನಾನು ಅಂಚು ಮಡಚಿ, ತೇಪೆ ಇಟ್ಟು,
ಜಿಗ್‌ಜಾಗ್ ಹೊಲಿಗೆ ಎರಡು ಸಾಲು ಓಡಿಸಿ
ಕೂಲಿ ಎಷ್ಟಮ್ಮಾ ಅಂದಾಗ
ಮುಖ ಎತ್ತದೆ ಹೇಳಿದ್ದೆ:
ಒಂದು ಸಲ ಹಾರಿಸಿ.

ಎರಡು ವರ್ಷ ಆಯಿತು.
ಇವತ್ತು ಹೆಸರಘಟ್ಟದ ಹುಲ್ಲುಬಯಲಲ್ಲಿ
ಐದು ತಂಡ, ತಂಡಕ್ಕೆ ಮೂವರು.
ಮೆಗಾಫೋನು ನಿಯಮ ಓದುತ್ತದೆ:
ಹಳಬರ ಕಿಲೋಮೀಟರು ಒಂದಕ್ಕೆ ಒಂದು,
ಹೊಸಬರದು ಒಂದಕ್ಕೆ ಮೂರು.
ನಮ್ಮವರಿಬ್ಬರೂ ನನ್ನ ಕಡೆ ತಿರುಗಿದರು,
ಚೀಟಿ ಎತ್ತಿದವಳ ಕಡೆ
ಕಟ್ಟುವವರು ತಿರುಗುವ ಹಾಗೆ.

ಮರ್ಲಿನ್ ನನ್ನ ಕೊಕ್ಕೆ ಎಳೆದಳು. ಇನ್ನೊಮ್ಮೆ ಎಳೆದಳು.
ಮಲಗಿಸಿ, ತೂಗಿ, ಹೊಟ್ಟೆ ನೆಲಕ್ಕೆ ಎಷ್ಟು ಎತ್ತರ ಅಂತ ಬಗ್ಗಿ ನೋಡಿದಳು.
ತೊಟ್ಟಿಲ ಕೂಸನ್ನು ನೋಡುವ ಹಾಗಲ್ಲ,
ತಕ್ಕಡಿಯಲ್ಲಿ ಅಕ್ಕಿ ನೋಡುವ ಹಾಗೆ.
"ಉಸಿರು ಬಿಡೇ, ಮಾರಾಯ್ತಿ."

ಹಗ್ಗ ಬಿಗಿಯಿತು.
ಓಡಿದೆ. ಎಂಟು, ಒಂಬತ್ತು,
ಹತ್ತನೇ ಹೆಜ್ಜೆಗೆ ನೆಲ ಇರಲಿಲ್ಲ.

ಕೆರೆ. ಕೆರೆಯ ಒಣಗಿದ ಅರ್ಧ.
ಆಚೆಗೆ ತುಮಕೂರು ರಸ್ತೆಯಲ್ಲಿ ಲಾರಿಗಳು
ರಟ್ಟಿಗೆ ಹೊಲಿದ ಗುಂಡಿಗಳ ಸಾಲು.
ಸಾವಿರದ ಇನ್ನೂರು ಅಡಿಗೆ ಹಗ್ಗ ಬಿಟ್ಟೆ.
ಮೇಲೆ ಇಷ್ಟು ಸದ್ದಿರುತ್ತದೆಂದು ಯಾರಾದರೂ ಹೇಳಬಾರದಿತ್ತೇ?
ಬಟ್ಟೆ ಗುನುಗುತ್ತದೆ, ತಂತಿ ಗುನುಗುತ್ತದೆ,
ವೇರಿಯೋ ಅನ್ನುವ ಡಬ್ಬಿ
ಗಾಳಿ ಎತ್ತಿದರೆ ಮರಿಹಕ್ಕಿ,
ಇಳಿಸಿದರೆ ಕಟ್ಟಿಹಾಕಿದ ಎಮ್ಮೆ.

ನನ್ನದು ಎಮ್ಮೆ.
ಒಂಬೈನೂರು. ಎಂಟುನೂರು.
ಕೆಳಗೆ ಯಾರದೋ ಟೆರೇಸಿನ ಹಾಸಿಗೆ ಹೊದಿಕೆಯ
ಹೂವಿನ ಡಿಸೈನು ಕಾಣತೊಡಗಿತು.

ಪೂವಯ್ಯ ಆಗಲೇ ಎರಡು ಕಿಲೋಮೀಟರು ಮುಂದೆ,
ನನ್ನ ಹೆಬ್ಬೆರಳ ಉಗುರಿನಷ್ಟು.
ಆ ಉಗುರು ವಾಲಿತು,
ಅಗಲವಾಯಿತು,
ಗಾಳಿಗೆದುರಾಗಿ ವಾಪಸು ಬಂತು,
ಗಳಿಸಿದ ಎತ್ತರವನ್ನೆಲ್ಲ ಚಿಲ್ಲರೆಯ ಹಾಗೆ ಚೆಲ್ಲುತ್ತ.
"ವನಜಾಕ್ಷಿ, ಎಡಕ್ಕೆ. ಹದ್ದು ಕಾಣ್ತಾ? ಅದರ ಹಿಂದೆ ನಾನು, ನನ್ನ ಹಿಂದೆ ನೀನು."

ಕೋಳಿ ಫಾರಂನ ತಗಡಿನ ಮೇಲೆ
ಬಿಸಿಗಾಳಿ ಎದ್ದು ನಿಂತಿತ್ತು.
ಎಡರೆಕ್ಕೆಯನ್ನು ಅದು ಮೊಣಕೈಯಿಂದ ತಿವಿಯಿತು.
ತಿರುಗಿದೆ, ತೋಳಿನ ಸುತ್ತು ಕತ್ತರಿಸುವ ಹಾಗೆ,
ಕತ್ತರಿ ಎತ್ತದೆ, ಬಟ್ಟೆ ಎಳೆಯದೆ,
ಒಂದೇ ಸಮ.
ಮರಿಹಕ್ಕಿ ಕೂಗಿತು.
ಮೂರನೇ ಸುತ್ತಿಗೆ ಹದ್ದು ನನ್ನ ಸಮಕ್ಕೆ ಬಂದು
ಕತ್ತು ಹೊರಳಿಸಿ ನೋಡಿತು,
ಅಳತೆ ಕೊಡಲು ಬಂದ ಗಿರಾಕಿಯ ಅನುಮಾನದಲ್ಲಿ.

ಏಳನೇ ಸುತ್ತಿನಲ್ಲಿ ಕೆಳಗೆ ನೋಡಿದೆ.
ಅವರಿಗೆ ಎಳೆ ತಪ್ಪಿತ್ತು,
ರಾಗಿ ಕೊಯ್ದ ಹೊಲದ ಕಡೆ ಇಳಿಯುತ್ತಿದ್ದರು.
"ನೀ ಹೋಗು. ನಾನಿಲ್ಲಿ ಕಾಫಿ ಹುಡುಕ್ತೇನೆ."

ಹೋದೆ.
ನೆಲಮಂಗಲ ಬರುವ ಮೊದಲೇ ಆಕಾಶ ಮುಗಿಯಿತು.
ಒಂಬತ್ತು ಕಿಲೋಮೀಟರು,
ಒಂದು ಹೊಸ ಲೇಔಟಿನ ಕೆಂಪುಮಣ್ಣು,
ಮೂತಿ ಎತ್ತುವುದು ಒಂದು ಕ್ಷಣ ತಡ,
ಮಂಡಿ, ಗದ್ದ, ಬಾಯಿತುಂಬ ಧೂಳು.

ವಾಚ್‌ಮನ್ ಓಡಿ ಬಂದ. ರೆಕ್ಕೆಯನ್ನು ನೋಡಿ,
ನನ್ನನ್ನು ನೋಡಿ, ಸುತ್ತಮುತ್ತ ನೋಡಿ
ಕೇಳಿದ: "ಯಜಮಾನ್ರು ಬಂದಿಲ್ವಾ?
ಇದು ಕಾರ್ನರ್ ಸೈಟಮ್ಮ, ಪೂರ್ವದ ಬಾಗಿಲು,
ಮೂವತ್ತು ನಲವತ್ತು."

ಚೀಲದಲ್ಲಿ ಟೇಪು ಸದಾ ಇರುತ್ತದೆ.
ಅಳೆದೆ. ರೆಕ್ಕೆಯ ತುದಿಯಿಂದ ತುದಿಗೆ ಮೂವತ್ತಮೂರು ಅಡಿ.
ಈ ಊರಲ್ಲಿ ಹುಟ್ಟಿ ನಲವತ್ತೊಂದು ವರ್ಷ,
ಬಾಡಿಗೆಯ ಮನೆ, ಬಾಡಿಗೆಯ ಅಂಗಡಿ,
ಮೊದಲ ಸಲ ಒಂದು ಸೈಟಿನ ಉದ್ದಗಲ ನಿಂತಿದ್ದೆ,
ಸಾಲದೆ.

ಸಂಜೆ ಜೀಪು ಬಂತು. ಐದರಲ್ಲಿ ನಾವು ನಾಲ್ಕನೆಯವರು.
ಮರ್ಲಿನ್ ಅದನ್ನು ಗೆದ್ದವರ ಹಾಗೆ ಕೂಗಿ ಹೇಳಿದಳು.
ಕಾಲುಚೀಲದ ತುಂಬ ಮುಳ್ಳು ಹತ್ತಿಸಿಕೊಂಡು ಇಳಿದ ಪೂವಯ್ಯ
ನನ್ನ ಗದ್ದ ನೋಡಲಿಲ್ಲ,
ನೇರ ರೆಕ್ಕೆಯ ತೇಪೆಗೆ ಹೋಗಿ
ಹೊಲಿಗೆಯ ಉದ್ದಕ್ಕೂ ಬೆರಳು ಎಳೆದರು.

"ಬೇಗ ಎತ್ತಿ ಸಾರ್," ವಾಚ್‌ಮನ್ ಅಂದ,
"ಈಯಮ್ಮಂದು ಪಕ್ಕದ ಸೈಟಿಗೆ
ಮೂರಡಿ ಒತ್ತುವರಿ ಆಗಿದೆ."