ಅರುವತ್ತೊಂದು ದಿನ

ಹೊಯಿಗೆಬಜಾರಿನ ನಾಯಿಗೆ ಮೀನು ಆಗುವುದಿಲ್ಲ.
ದಕ್ಕೆಯಲ್ಲಿ ಹೇಳಿದರೆ ನಗುತ್ತಾರೆ.
ಬೇಬಿಯಕ್ಕ ಬುಟ್ಟಿ ಇಳಿಸಿ ನಕ್ಕಳು,
ಐಸು ಒಡೆಯುವ ಹುಡುಗ ಸುತ್ತಿಗೆ ಬಿಟ್ಟು ನಕ್ಕ:
"ಭಟ್ಟರ ಮನೆಗೆ ಕೊಡು ಮಾರಾಯ್ತಿ,
ಸಾರನ್ನ ಉಂಡು ಬದುಕಲಿ."

ಬೊಳ್ಳ ಅಂತ ಹೆಸರು. ಬಿಳಿ ಮೈ.
ಬಿಳಿ ಇದ್ದದ್ದಕ್ಕೇ ಕಂಡಿತು
ಕಂಕುಳಲ್ಲಿ, ಕಿವಿಯೊಳಗೆ, ಬೆರಳ ಸಂದಿನಲ್ಲಿ
ಬೇಯಿಸಿದ ಸಿಗಡಿಯ ಕೆಂಪು.
ರಾತ್ರಿಯೆಲ್ಲ ಕೆರೆತ. ಕಾಲು ನೆಲಕ್ಕೆ ಬಡಿದು
ಟಕ್ ಟಕ್ ಟಕ್, ಯಾರೋ ಬಾಗಿಲು ತಟ್ಟಿದ ಹಾಗೆ.
ಎದ್ದು ಕೇಳಿದ್ದೇನೆ ಎರಡು ಸಲ, ಯಾರು ಅಂತ.

ಬೇವಿನ ನೀರು ಹೊಯ್ದೆ. ಅರಸಿನ ಹಚ್ಚಿದೆ,
ಹಳದಿ ನಾಯಿ ಓಣಿಯೆಲ್ಲ ತಿರುಗಿತು.
ಸಿಸಿಲಿಯಾ ಬಾಯಿ ಸೀಮೆಎಣ್ಣೆ ಅಂದಳು;
ಅದೊಂದು ಮಾಡಲಿಲ್ಲ, ದೇವರು ದೊಡ್ಡವನು.

ಡಾಕ್ಟ್ರಮ್ಮ ಬ್ಲೇಡಿನಲ್ಲಿ ಚರ್ಮ ಒಂಚೂರು ಹೆರೆದು
ಗಾಜಿನ ಮೇಲಿಟ್ಟು ನೋಡಿದರು. ಹುಳ ಇಲ್ಲ, ಬೂಷ್ಟು ಇಲ್ಲ.
"ಎಂತ ಹಾಕ್ತೀರಿ ಇವನಿಗೆ?"
ಎಂತ ಹಾಕುವುದು, ಬೂತಾಯಿ ತಲೆ, ಬಂಗುಡೆ ಬಾಲ,
ಮಾರದೆ ಉಳಿದ ನಂಗ್.
"ಹುಟ್ಟಿದಾಗಿನಿಂದಲಾ?"
ಹುಟ್ಟಿದಾಗಿನಿಂದ.
ಅದಕ್ಕೇ, ಅಂದರು. ದಿನಾ ತಿಂದದ್ದೇ
ಒಂದು ದಿನ ತಿರುಗಿ ಬೀಳುವುದು.
ಎಂಟು ವಾರ ಮೀನು ಬೇಡ,
ಒಂದು ಮುಳ್ಳೂ ಬೇಡ, ಸಾರು ತಾಗಿದ ಅನ್ನವೂ ಬೇಡ.
ಇದುವರೆಗೆ ತಿನ್ನದ್ದು ಏನಾದರೂ ಒಂದು, ಅದೊಂದೇ.

ಎಂಟು ವಾರ ನಾನು ಎಲ್ಲಿಗೆ ಹೋಗಲಿ, ಕೇಳಬೇಕೆಂದಿದ್ದೆ.
ಗೋಡೆಯ ಕ್ಯಾಲೆಂಡರಿನಲ್ಲಿ ಮೇ ಮುಗಿಯುತ್ತಿತ್ತು.

ಜೂನ್ ಒಂದಕ್ಕೆ ಬೋಟುಗಳೆಲ್ಲ ಹಗ್ಗ ಹಾಕಿ ನಿಂತವು.
ಅರುವತ್ತೊಂದು ದಿನ ಕಡಲಿಗೆ ರಜೆ.
ವರ್ಷ ವರ್ಷ ಶಾಪ ಹಾಕುವ ದಿನಗಳನ್ನು
ಈ ಸಲ ಬೆರಳು ಮಡಚಿ ಎಣಿಸಿದೆ.
ಒಣಮೀನಿನ ಮೂಟೆ ದೋಣಿ ಹತ್ತಿ
ಬೆಂಗರೆಯ ತಂಗಿಯ ಮನೆಗೆ ಹೊಳೆ ದಾಟಿತು.
ಮಾಂಸದಂಗಡಿಯ ಇದಿನಬ್ಬ ಆಡಿನ ಚೂರು ಕಟ್ಟುತ್ತ
"ನಾಯಿಗಾ?" ಎಂದು ಮುಖ ಸಿಂಡರಿಸಿದವ, ಆಮೇಲೆ
"ನನ್ನ ಮೊಮ್ಮಗಳಿಗೂ ನೆಲಗಡಲೆ ಆಗುವುದಿಲ್ಲ" ಅಂದ.
ಕ್ರಯ ಮಾತ್ರ ಬಿಡಲಿಲ್ಲ.

ವಾರಕ್ಕೆರಡು ಸ್ನಾನ. ಉಗುರುಬೆಚ್ಚನೆ ನೀರು,
ನೊರೆ ಹಚ್ಚಿ ಹತ್ತು ನಿಮಿಷ ಬಿಡಬೇಕು.
ಅವನನ್ನು ಮಡಿಲಿಗೊತ್ತಿ ಹಿಡಿದು
ನನಗೆ ದುಡ್ಡು ಕೊಡಲು ಬಾಕಿ ಇದ್ದವರ ಹೆಸರು ಹೇಳುತ್ತೇನೆ,
ಬಿಜೈಯಿಂದ ಹಿಡಿದು ಜೆಪ್ಪುವರೆಗೆ.
ಮುಗಿಯುವಾಗ ಹತ್ತು ನಿಮಿಷ ಸರಿಯಾಗುತ್ತದೆ.
ಉಜ್ಜಬಾರದು, ಬಟ್ಟೆ ಒತ್ತಿ ತೆಗೆಯಬೇಕು.
ಬೆರಳ ಸಂದಿನಲ್ಲಿ ತೇವ ಉಳಿಯಬಾರದಂತೆ,
ಮಂಗಳೂರಿನ ಜುಲೈಯಲ್ಲಿ!

ಏಳನೇ ವಾರ, ನಡುರಾತ್ರಿ ಎದ್ದು ಕೂತೆ.
ಎಂತದೋ ಇಲ್ಲ ಮನೆಯಲ್ಲಿ.
ಶೀಟಿನ ಮೇಲೆ ಮಳೆ ಉಂಟು, ದೂರ ಅಳಿವೆಯ ಬೊಬ್ಬೆ ಉಂಟು.
ಬಾಗಿಲು ತಟ್ಟುವವರು ಇಲ್ಲ.

ಆಗಸ್ಟಿಗೆ ಬೋಟು ಇಳಿಯಿತು.
ಸಂಜೆ ಬಂದವಳ ಕೈ ಹಿಡಿದು ನೆಕ್ಕಿದ,
ಎರಡು ತಿಂಗಳ ಆಸೆಯಲ್ಲಿ, ಬೆರಳು ಬೆರಳು,
ಉಗುರಿನ ಒಳಗೂ. ಎಳೆದುಕೊಳ್ಳಲು ಮನಸ್ಸಾಗಲಿಲ್ಲ.
ಮರುದಿನ ತುಟಿಯಂಚು ಕೆಂಪು. ರಾತ್ರಿ, ಟಕ್ ಟಕ್.

ಡಾಕ್ಟ್ರಮ್ಮ ಈ ಸಲ ಅವನಿಗಿಂತ ಮೊದಲು
ನನ್ನ ಅಂಗೈ ತಿರುಗಿಸಿ ನೋಡಿದರು.
ಐಸು, ಉಪ್ಪು, ಮುಳ್ಳು, ಇಪ್ಪತ್ತಾರು ವರ್ಷದ ಬಿರುಕು.
"ಇದಕ್ಕೆ ಎಂತ ಹಚ್ತೀರಿ?"
ಇದಕ್ಕಾ? ಅಂದೆ. ಇದು ಕೈ ಅಲ್ವಾ.

ಈಗ ಮೆಟ್ಟಿಲ ಹತ್ತಿರ ಬಾಲ್ದಿ ಉಂಟು, ಸಾಬೂನು,
ಒಂದು ಟ್ಯೂಬು ಮುಲಾಮು, ಅದು ನನ್ನದು.
ಅವ ಹೊಸ್ತಿಲಾಚೆ ಕೂರುತ್ತಾನೆ.
ನಾನು ತಿಕ್ಕುತ್ತೇನೆ, ಅವ ಮೂಗೆತ್ತಿ ಕಾಯುತ್ತಾನೆ.
ಮೀನು ಇನ್ನೂ ಉಂಟಾದರೆ ಬಾಲ ಆಡುತ್ತದೆ.
ಮತ್ತೆ ತಿಕ್ಕುತ್ತೇನೆ.
ಬಾಲ ನಿಂತ ಮೇಲೆ ಒಳಗೆ ಹೋಗುತ್ತೇನೆ.