ಹದಿನೈದನೆಯ ಪಾಠ

ಕಿನ್ನಿಮೂಲ್ಕಿಯಲ್ಲಿ, ಟಯರಿನಂಗಡಿಯ ಮಾಳಿಗೆಯಲ್ಲಿ
ನನ್ನದೊಂದು ಮೇಜು ಉಂಟು ಈಗ.
ಕೆಳಗೆ ಲಾರಿಯ ಚಕ್ರಕ್ಕೆ ಗಾಳಿ ತುಂಬುವಾಗ
ಚಾದ ಲೋಟ ನಡುಗುತ್ತದೆ.
ಸುರಕ್ಷಾ ಕುಂದರ್ ನಗುತ್ತಾಳೆ:
"ಹೆದರಬೇಡಿ ಟೀಚರ್, ಅದು ನಮ್ಮ ಮಾಲಿನ ಸದ್ದಲ್ಲ."

ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿದವಳು ನಾನು.
ಎಲೆಯ ಪತ್ರರಂಧ್ರ, ಕಪ್ಪೆಯ ಹೃದಯ,
ದಾಸವಾಳವನ್ನು ಬ್ಲೇಡಿನಿಂದ ಸೀಳಿ
ಶಲಾಕೆ, ಕೇಸರ, ಅಂಡಾಶಯ.
ಹೂವಿನದ್ದಾದರೆ
ಕರಿಹಲಗೆಯ ತುಂಬ ಬಣ್ಣದ ಸೀಮೆಸುಣ್ಣ.
ಹದಿನೈದನೆಯ ಪಾಠ ಬಂದಾಗ ಮಾತ್ರ
ಕಿಟಕಿಯಾಚೆ ನೋಡಿ,
"ಇದು ನೀವೇ ಓದಿಕೊಳ್ಳಿ. ಪರೀಕ್ಷೆಗೆ ಬರುವುದಿಲ್ಲ."

ಮೊದಲ ಬೆಂಚಿನ ಸುರಕ್ಷಾ ಓದಿಕೊಂಡಳು.
ಆಮೇಲೆ ಫಾರ್ಮಸಿ ಓದಿದಳು.
ಮಲ್ಪೆಯ ಬೋಟಿನಲ್ಲಿದ್ದ ಅಪ್ಪನ ಪಾಲು ಮಾರಿ
ಎರಡು ಯಂತ್ರ ತಂದಳು.
ಸಾಲದ ಅರ್ಜಿಯಲ್ಲಿ "ಉತ್ಪನ್ನ" ಎಂಬಲ್ಲಿ
ಮ್ಯಾನೇಜರು "ಸೌಂದರ್ಯವರ್ಧಕ" ಎಂದು ತುಂಬಿಸಿದರಂತೆ;
ಪೆನ್ನು ಅವರದೇ, ಬೆವರೂ ಅವರದೇ.

ನನ್ನನ್ನು ಕರೆದದ್ದು ಚೀಟಿ ಬರೆಯಲಿಕ್ಕೆ.
ಡಬ್ಬಿಯೊಳಗೆ ಮಡಚಿಡುವ ಕಾಗದ, ಕನ್ನಡದಲ್ಲಿ.
"ಅಜ್ಜಿಗೆ ಅರ್ಥ ಆಗ್ಬೇಕು ಟೀಚರ್,
ಮೊಮ್ಮಗಳಿಗೆ ನಾಚಿಕೆ ಆಗ್ಬಾರ್ದು."

ಶಬ್ದವೇ ಇಲ್ಲ.
ಪಠ್ಯಪುಸ್ತಕದ ಸಂಸ್ಕೃತ ಮಡಿಯುಟ್ಟು ದೂರ ನಿಂತಿದೆ.
ಬಸ್‌ಸ್ಟ್ಯಾಂಡಿನ ಗೋಡೆಯದ್ದು ಬೈಗುಳ.
ಪ್ಯಾಕಿಂಗಿನ ಫ್ಲೋರಿನ್ ಬಾಯಿಗೆ ಬಂದ ಕೊಂಕಣಿಯೂ ಬೈಗುಳವೇ,
ಹೇಳಿ ತಾನೇ ಬಾಯಿ ಮುಚ್ಚಿಕೊಂಡಳು.
ಸಾರಮ್ಮ ಟೇಪನ್ನು ಹಲ್ಲಿನಿಂದ ಕಡಿದು
"ನಾವು 'ಅಲ್ಲಿ' ಅಂತೇವೆ, ಅಷ್ಟೆ" ಅಂದಳು.
ಅಲ್ಲಿ ಉರಿ. ಅಲ್ಲಿ ತುರಿಕೆ.
ಅಲ್ಲಿ ಹೊಲಿಗೆ ಬಿತ್ತು ಮೂರು.
ಅಲ್ಲಿ ಸುಖ ಅಂತ
ಯಾರೂ ಹೇಳಿದ್ದು ನಾನು ಕೇಳಿಲ್ಲಪ್ಪ, ಎಂದು
ಮತ್ತೆ ಟೇಪು ಎಳೆದಳು ಪರ್ರನೆ.

ನಾಲ್ಕು ದಿನ ಬರೆದೆ, ಹೊಡೆದುಹಾಕಿದೆ.
ಐದನೆಯ ದಿನ "ಅಲ್ಲಿ"ಯ ಅಕಾರ ಅಳಿಸಿ
ಇಕಾರ ಬರೆದೆ.
ಇಲ್ಲಿ.
ಅಷ್ಟಕ್ಕೆ ಅರವತ್ತೆರಡು ವರ್ಷ ಬೇಕಾಯಿತು ನನಗೆ,
ಅವರು ತೀರಿಕೊಂಡೇ ಒಂಬತ್ತಾಯಿತು.
ಸಂಜೆ ಸುರಕ್ಷಾ ಒಂದು ಸ್ಯಾಂಪಲ್ ತಂದು
ನನ್ನ ಕೊಡೆಯ ಪಕ್ಕ ಚೀಲಕ್ಕೆ ಹಾಕಿದಳು.
ಬೇಡ ಅನ್ನಲಿಲ್ಲ ನಾನು.

ಮಧ್ಯಾಹ್ನದ ಫೋನೂ ನನ್ನದೇ.
ಬೈಂದೂರಿನವಳಿಗೆ ಪೆಟ್ಟಿಗೆಯ ಮೇಲೆ
"ಮಿಕ್ಸಿಯ ಬಿಡಿಭಾಗ" ಎಂದು ಬರೆಯಬೇಕು.
ಕಾಪುವಿನವಳಿಗೆ ಹನ್ನೊಂದರ ನಂತರವೇ ತಲುಪಬೇಕು,
ಅತ್ತೆ ಭಜನೆಗೆ ಹೋದ ಮೇಲೆ.
ಎಪ್ಪತ್ತು ದಾಟಿದ ಸ್ವರವೊಂದು ಜೆಲ್ಲಿನ ಕ್ರಯ ಕೇಳಿ
"ಅಷ್ಟಾ? ಸಣ್ಣ ಟ್ಯೂಬು ಇಲ್ವಾ ಮಾರಾಯ್ತಿ?" ಎಂದು
ಬಂಗುಡೆಗೆ ಮಾಡಿದ ಹಾಗೆ ಚೌಕಾಸಿ ಮಾಡಿತು.
ಆ ದಿನವಿಡೀ ಎಂತದೋ ಖುಷಿ ನನಗೆ.

ನಿನ್ನೆ ಒಬ್ಬಳು. ಹೆಸರು ಹೇಳಲಿಲ್ಲ.
"ಮದುವೆಯಾಗಿ ಹದಿನಾರು ವರ್ಷ.
ನೋವೇ ಇರುವುದು ಅಂದುಕೊಂಡಿದ್ದೆ."
"ಹೂಂ, ಮುಂದೆ ಹೇಳಿ" ಎಂದೆ.
ಅಷ್ಟಕ್ಕೇ ಆಚೆಯ ಮಾತು ನಿಂತಿತು.
"ಜಲಜಾಕ್ಷಿ ಟೀಚರಾ?"

ಯಾವ ವರ್ಷ, ಯಾವ ಬೆಂಚು,
ಎರಡು ಜಡೆಯ ಯಾವ ಹುಡುಗಿ,
ಕೇಳಬಹುದಿತ್ತು. ಅವಳು ಇಟ್ಟುಬಿಡಬಹುದಿತ್ತು.
ಇಬ್ಬರೂ ಸುಮ್ಮನೆ.
ಅವಳ ಹಿಂದೆ ಕುಕ್ಕರು ಒಂದು ಸಲ ಕೂಗಿತು.

"ಹೌದು ಮಗಾ" ಎಂದೆ.
"ಪರೀಕ್ಷೆಗೆ ಬರುವುದಿಲ್ಲ ಅಂದಿದ್ದೆನಲ್ಲ, ಅದು ಸುಳ್ಳು.
ಒಲೆ ಆರಿಸಿ ಬಾ.
ಬಾಗಿಲು ಹಾಕಿಕೊ.
ಮೊದಲಿನಿಂದ ಹೇಳುತ್ತೇನೆ."