ಚುಕ್ಕಿ ಲೆಕ್ಕ

ಸೇಂಟ್ ಫಿಲಿಪ್ ಮೈದಾನದ ಸ್ಕೋರು ಗುಡಿಸಲಲ್ಲಿ
ಒಂದು ಬೆಂಚು, ಎರಡು ಪುಸ್ತಕ.
ಅವನದು ಕ್ಲಬ್ಬಿನದು, ನನ್ನದು ಲೀಗಿನದು.
ಇಪ್ಪತ್ತಾರು ವರ್ಷ, ಓವರಿಗೊಮ್ಮೆ
ತಾಳೆ ನೋಡಿದ್ದೇವೆ ಆಸ್ಬರ್ಟ್ ಬ್ಲೆನ್ಮನ್ ಮತ್ತು ನಾನು.
ಮದುವೆಯಾದವರೂ ಅಷ್ಟು ನೋಡುವುದಿಲ್ಲ.

ಕಳೆದ ಫೆಬ್ರುವರಿ. ಎಡತುದಿಯಿಂದ ಅಂಪೈರು
ಮೊಣಕಾಲು ತಟ್ಟಿ ಲೆಗ್‌ಬೈ ಎಂದ.
ಆಸ್ಬರ್ಟ್ ಕೈ ಎತ್ತಲಿಲ್ಲ.
ಮತ್ತೆ ತಟ್ಟಿದ. ಮತ್ತೆ.
ಗಾಳಿಮರದ ಕೆಳಗಿನವರು ನಕ್ಕರು:
"ಮುದುಕನಿಗೆ ನಿದ್ದೆ ಹತ್ತಿತು!"
ನಾನು ಕೈ ಎತ್ತಿದೆ.
ಅವನದನ್ನೂ ಹಿಡಿದು ಎತ್ತಿದೆ.
ಆಮೇಲೆ ಮೆಲ್ಲಗೆ ಅಂದ:
"ಐಯಾಂಥಿ, ಅಲ್ಲಿ ಅಂಪೈರೇ ಇರಲಿಲ್ಲ.
ಹುಲ್ಲಿತ್ತು."

ಗ್ಲಾಕೋಮಾ ಕತ್ತಲೆಯಾಗಿ ಬರುವುದಿಲ್ಲವಂತೆ.
ಕಾಣದೆ ಹೋದ ಜಾಗದಲ್ಲಿ
ಮಿದುಳು ತಾನೇ ಹುಲ್ಲು ನೆಟ್ಟುಬಿಡುತ್ತದೆ,
ಯಾರಿಗೂ ಸಂಶಯ ಬರದ ಹಾಗೆ.

ಬ್ರಿಜ್‌ಟೌನಿನ ಆಸ್ಪತ್ರೆಯಲ್ಲಿ
ಗಲ್ಲ ಊರಿಸಿ, ಒತ್ತಡ ಅಳೆದು, ಇಪ್ಪತ್ತೊಂಬತ್ತು ಎಂದರು.
ಹನಿಮದ್ದು ಹಾಕಿ ಆರು ವಾರಕ್ಕೆ ಹದಿನೇಳು.
ಆಸ್ಬರ್ಟ್ ಅಲ್ಲೇ ಚಪ್ಪಾಳೆ ತಟ್ಟಿದ.
ಅಂಕಿ ಇಳಿದರೆ ಗೆಲುವು ಎಂಬ ಆಟ
ಅವನು ಅದುವರೆಗೆ ಕಂಡಿರಲಿಲ್ಲ.

"ಒತ್ತಡ ಇಳಿಸುವುದಷ್ಟೇ ಏನು ಇದರ ಕೆಲಸ?"
ಡಾಕ್ಟರ್ ಗಿಟ್ಟೆನ್ಸ್ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು.
"ಇಲಿಗಳ ಕಣ್ಣಿನ ನರ ಹಿಸುಕಿ ನೋಡಿದ್ದಾರೆ.
ಈ ಮದ್ದು ಕೊಟ್ಟ ಇಲಿಗಳ ಅಕ್ಷಿಪಟಲದಲ್ಲಿ
ಹೆಚ್ಚು ಜೀವಕೋಶ ಉಳಿದವು.
ಅದು ಒತ್ತಡದ ಮಾತಲ್ಲ, ಬೇರೇನೋ.
ಸಾಯಲು ಹೊರಟ ಕೋಶದ ಕಿವಿಯಲ್ಲಿ
'ಸ್ವಲ್ಪ ತಾಳು' ಅಂದ ಹಾಗೆ.
ಇಲಿಗೆ ಕೇಳಿಸಿತು.
ನಿಮಗೆ ಕೇಳಿಸುತ್ತದೆಂದು ನಾನು ಆಣೆ ಇಡಲಾರೆ."
"ಹೋದದ್ದು?"
"ಹೋದದ್ದು ಹೋಯಿತು, ಮಿಸ್ಟರ್ ಬ್ಲೆನ್ಮನ್."

ಬಸ್ಸು ಓಯಿಸ್ಟಿನ್ಸ್ ದಾಟುವವರೆಗೂ ಮೌನ.
ಮೀನು ಹುರಿಯುವ ಹೊಗೆ ಕಿಟಕಿಗೆ ಬಂದಾಗ ಅಂದ:
"ನೈಟ್ ವಾಚ್‌ಮನ್."
ನನಗೆ ಬಿಡಿಸಿ ಹೇಳಬೇಕಿಲ್ಲ.
ಹೊತ್ತು ಮುಳುಗುವಾಗ ವಿಕೆಟ್ ಬಿದ್ದರೆ
ಬಾಲದ ಬ್ಯಾಟುಗಾರನೊಬ್ಬನನ್ನು ಮುಂದೆ ಕಳಿಸುತ್ತಾರೆ.
ರನ್ನು ಬೇಡ, ಅಂದ ಬೇಡ,
ಬೆಳಗಿನವರೆಗೆ ಅಡ್ಡ ನಿಲ್ಲು, ಸಾಕು.

ಆ ಮದ್ದಿಗೆ ಬಾಯಿ ಒಣಗುತ್ತದೆ.
ಸಂಜೆಯ ಹನಿಗೆ ತೂಕಡಿಕೆ.
ಕೆಂಪು ಕಣ್ಣು ನೋಡಿ ರಮ್ಮಿನಂಗಡಿಯ ಹಟ್ಸನ್
"ಈಗ ಯಾವ ಅಂಗಡಿ?" ಎಂದು ಮುನಿದ.
ಅವನ ಕೈ ನಡುಗಿ ಹನಿಯೆಲ್ಲ ಕೆನ್ನೆಪಾಲು.
ಹಾಗಾಗಿ ಟೀ ವಿರಾಮಕ್ಕೆ ನಾನೇ ಹಾಕುತ್ತೇನೆ:
ತಲೆ ಹಿಂದಕ್ಕೆ, ಕೆಳರೆಪ್ಪೆ ಜಗ್ಗಿ, ಒಂದೇ ಹನಿ,
ಮೂಗಿನ ಬದಿಗೆ ಬೆರಳೊತ್ತಿ ಎರಡು ನಿಮಿಷ.
ಎಣ್ಣೆ ಬಿಟ್ಟುಕೊಂಡು ಕಾಯುವುದೆಂದರೆ ಇದೇ ಇರಬೇಕು,
ಕಣ್ಣಿನಿಂದ ಅಲ್ಲ, ಕಣ್ಣನ್ನೇ.

ಪುಸ್ತಕದ ಹಿಂಬದಿ ಪುಟದಲ್ಲಿ
ಹನಿಗೊಂದು ಚುಕ್ಕಿ ಇಡುತ್ತಾನೆ.
ರನ್ನಿಲ್ಲ, ವಿಕೆಟ್ಟೂ ಇಲ್ಲ.
ಮೇ ತಿಂಗಳಿಂದ ಚುಕ್ಕಿ, ಚುಕ್ಕಿ, ಚುಕ್ಕಿ,
ಎರಡು ಕಡೆ ಖಾಲಿ. ಅತ್ತಿಗೆಯ ಮಣ್ಣಿನ ದಿನ,
ಮತ್ತೆ ಬಿರುಗಾಳಿಗೆ ಔಷಧಿ ಅಂಗಡಿ ಮುಚ್ಚಿದ ವಾರ.
ನವೆಂಬರಿನ ಪರೀಕ್ಷೆಗೆ ಗಿಟ್ಟೆನ್ಸ್
ಎರಡು ಹಾಳೆ ಪಕ್ಕಪಕ್ಕ ಹಿಡಿದು "ಅಷ್ಟೇ ಇದೆ" ಎಂದಳು.
ಅದಕ್ಕಿಂತ ಒಳ್ಳೆಯ ಮಾತು ಅವಳ ಹತ್ತಿರ ಇರಲಿಲ್ಲ.

ಒತ್ತಡ ಇಳಿದದ್ದಕ್ಕೋ,
ಇಲಿ ಕೇಳಿದ ಮಾತು ಅವನ ನರವೂ ಕೇಳಿತೋ,
ಚುಕ್ಕಿ ಹೇಳುವುದಿಲ್ಲ.

ಮೊನ್ನೆ ಎಡತುದಿಯಿಂದ ಮತ್ತೆ ಲೆಗ್‌ಬೈ.
ನನ್ನ ಮೊಣಕೈ ಅವನ ಪಕ್ಕೆಗೆ ತಾಗುವುದಕ್ಕೂ
ಅವನ ಕೈ ಮೇಲೇಳುವುದಕ್ಕೂ
ಯಾವುದು ಮೊದಲೋ ನಾನು ನೋಡಲಿಲ್ಲ.
ಬರೆಯುತ್ತಿದ್ದೆ.